ಮಾನವ ಹಕ್ಕು ಸಂಸ್ಥೆಗಳಲ್ಲಿ ರಿಸರ್ಚ್ ಇಂಟರ್ನ್‌ಶಿಪ್: ನಮ್ಮಂಥ ಕಾಲೇಜಿನವರಿಗೆ ಸಿಗುತ್ತಾ?

ಬಿಸಿಲೂರ ಹುಡುಗ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ, ಈಗ ಎರಡನೇ ವರ್ಷ. ಬಿಎವರೆಗೆ ಪೂರ್ತಿ ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತೆ, ಬರೆಯೋಕೆ ಕೂತರೆ ಸ್ವಲ್ಪ ತಡವರಿಸುತ್ತೇನೆ.

ಮೊದಲ ವರ್ಷ ಇಲ್ಲಿನ ಒಬ್ಬ ವಕೀಲರ ಹತ್ತಿರ ಇಂಟರ್ನ್‌ಶಿಪ್ ಮುಗಿಸಿದೆ. ಜಾಮೀನು ಅರ್ಜಿ, ವಕಾಲತ್ತು, ಕೋರ್ಟ್ ಹಾಲ್ ಅಂತ ಓಡಾಡಿದ್ದೇ ಜಾಸ್ತಿ. ಈ ಸಲ ಮಾನವ ಹಕ್ಕುಗಳ ಮೇಲೆ ಕೆಲಸ ಮಾಡುವ ಸಂಸ್ಥೆಯಲ್ಲಿ ರಿಸರ್ಚ್ ಕಲಿಯಬೇಕು ಅಂತಿದೆ. ಸೀನಿಯರ್‌ಗಳನ್ನು ಕೇಳಿದರೆ "ಅದೆಲ್ಲಾ ನ್ಯಾಷನಲ್ ಲಾ ಸ್ಕೂಲ್ ಮಕ್ಕಳಿಗೆ, ನಮಗಲ್ಲ" ಅಂತಾರೆ. ನಿಜಾನಾ? ಅಲ್ಲಿ ಏನು ಕೆಲಸ ಕೊಡುತ್ತಾರೆ? ದುಡ್ಡು ಕೊಡ್ತಾರಾ? ನಮ್ಮ ಕಾಲೇಜು ಒಪ್ಪುತ್ತಾ?

ಕರಿಕೋಟು

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ಅದು ಸುಲಭ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 25ನೇ ನಿಯಮ ಓದಿಕೊಳ್ಳಿ. ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ್ದಕ್ಕೆ 20 ವಾರ. ಎಲ್ಲೆಲ್ಲಿ ಮಾಡಬಹುದು ಅನ್ನುವ ಪಟ್ಟಿ ಶುರುವಾಗುವುದೇ ಎನ್‌ಜಿಒಗಳಿಂದ. ವಕೀಲರು, ನ್ಯಾಯಾಂಗ, ಕಂಪನಿಗಳು ಎಲ್ಲ ಆಮೇಲೆ. ಹಾಗಾಗಿ ಕಾಲೇಜು ಬೇಡ ಅನ್ನೋ ಹಾಗಿಲ್ಲ.

ಎರಡು ಷರತ್ತು ಇವೆ. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಕೋರ್ಸ್ ಮುಗಿಯುವುದರೊಳಗೆ ವಿಚಾರಣಾ ನ್ಯಾಯಾಲಯದ ವಕೀಲರ ಹತ್ತಿರ ಮತ್ತು ಮೇಲ್ಮನವಿ ನಡೆಸುವ ವಕೀಲರ ಹತ್ತಿರ ಒಮ್ಮೆಯಾದರೂ ಇರಲೇಬೇಕು. ನಿಮಗೆ ಹೈಕೋರ್ಟ್ ಪೀಠ ಊರಲ್ಲೇ ಇದೆ, ಅದು ಕಷ್ಟವಲ್ಲ. ಡೈರಿ ಮಾತ್ರ ದಿನಾ ಬರೆಯಿರಿ. ವೈವಾ ಹಿಂದಿನ ರಾತ್ರಿ ಕೂತು ಇಡೀ ತಿಂಗಳ ಡೈರಿ ಬರೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಒಂದೇ ಪೆನ್ನು, ಒಂದೇ ಕೈಬರಹದ ಓಟ, ನೋಡಿದ ಕೂಡಲೇ ಗೊತ್ತಾಗುತ್ತೆ.

ಕಡತ ಸಂಖ್ಯೆ 7

ಬೆಂಗಳೂರಿನ ಒಂದು ಚಿಕ್ಕ ಸಂಸ್ಥೆಯಲ್ಲಿ ಸಂಶೋಧನೆ ನೋಡಿಕೊಳ್ಳುತ್ತೇನೆ. ಇಂಟರ್ನ್‌ಗಳ ಅರ್ಜಿ ಓದುವುದೂ ನನ್ನ ಪಾಲಿಗೆ ಬಂದ ಕೆಲಸ. ನಿಮ್ಮ ಸೀನಿಯರ್‌ಗಳು ಹೇಳಿದ್ದು ಅರ್ಧ ನಿಜ. ಬರುವ ಅರ್ಜಿಗಳಲ್ಲಿ ದೊಡ್ಡ ಕಾಲೇಜುಗಳದ್ದೇ ಜಾಸ್ತಿ. ಆದರೆ ಅದಕ್ಕೆ ಕಾರಣ ಉಳಿದವರು ಅರ್ಜಿ ಹಾಕದೇ ಇರುವುದು.

ನಾವು ನಿಜವಾಗಿ ಮಾಡುವ ಕೆಲಸ ಏನು ಅಂತ ಹೇಳ್ತೀನಿ. ಎಲ್ಲರೂ ಸುಪ್ರೀಂ ಕೋರ್ಟ್ ತೀರ್ಪು ಓದಿ ಟಿಪ್ಪಣಿ ಬರೆಯುವುದು ಅಂದುಕೊಂಡಿರುತ್ತಾರೆ. ಅದು ಸ್ವಲ್ಪ ಇರುತ್ತೆ. ಉಳಿದದ್ದು ಎಫ್‌ಐಆರ್, ಚಾರ್ಜ್‌ಶೀಟ್, ಮಹಜರು, ಸಾಕ್ಷಿ ಹೇಳಿಕೆ, ತಹಶೀಲ್ದಾರರ ಪತ್ರ, ಗ್ರಾಮ ಪಂಚಾಯಿತಿ ನಡಾವಳಿ. ಇವೆಲ್ಲ ಯಾವ ಭಾಷೆಯಲ್ಲಿರುತ್ತವೆ? ಕನ್ನಡದಲ್ಲಿ. ಅದೂ ಠಾಣೆ ರೈಟರ್ ಬರೆಯುವ ಕನ್ನಡ. "ಸದರಿ ಆರೋಪಿತನು ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ಬೈದು" ಅಂತ ಶುರುವಾಗಿ ಒಂದೂವರೆ ಪುಟ ಒಂದೇ ವಾಕ್ಯ ಓಡುತ್ತೆ. ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗರಿಗೆ ಅದನ್ನು ಕೊಟ್ಟರೆ ಮೊದಲ ಪುಟ ದಾಟುವುದರೊಳಗೆ ಮಧ್ಯಾಹ್ನ ಆಗಿರುತ್ತೆ. ಕಲಬುರಗಿ ಕೋರ್ಟಿನಲ್ಲಿ ಓಡಾಡಿದ ನಿಮಗೆ ಅದು ದಿನನಿತ್ಯದ ಓದು.

ಸಂದರ್ಶನದಲ್ಲೂ ಅಷ್ಟೇ. ಸೇಡಂ ಕಡೆಯ ಹೆಣ್ಣುಮಗಳು ಠಾಣೆಯಲ್ಲಿ ಏನಾಯಿತು ಅಂತ ಹೇಳುವಾಗ ಅನುವಾದಕರನ್ನು ಮಧ್ಯೆ ಕೂರಿಸಿದರೆ ಅರ್ಧ ಮಾತು ಅಲ್ಲೇ ಸೋರಿ ಹೋಗುತ್ತೆ. ನಿಮಗೆ ಬರುವ ಕೆಲಸ ನಮಗೆ ಬೇಕು. ಅರ್ಜಿ ಹಾಕಿ.

ಹತ್ತನೇ ಸೆಮ್

ಒಂದು ನಿಮಿಷ, ಇದು ಸ್ವಲ್ಪ ಜಾಸ್ತಿ ಸಿಹಿಯಾಯಿತು. ನಾನು ಐದು ವರ್ಷದ ಕೋರ್ಸ್, ನೀವು ಹೇಳುವ "ದೊಡ್ಡ ಕಾಲೇಜು". ಇಂಟರ್ನ್‌ಶಿಪ್ ಕೊನೆಯಲ್ಲಿ ಕೊಡಬೇಕಾದ ಮೆಮೊ ಇಂಗ್ಲಿಷ್‌ನಲ್ಲೇ ಇರಬೇಕು. ಅಡಿಟಿಪ್ಪಣಿ, ಸೈಟೇಷನ್ ಎಲ್ಲ ಕೇಳ್ತಾರೆ. ಕನ್ನಡ ಬರುತ್ತೆ ಅಂತ ತಗೊಂಡು ಆಮೇಲೆ ತಿಂಗಳಿಡೀ ಅನುವಾದಕ್ಕೆ ಕೂರಿಸಿದರೆ ಆ ಹುಡುಗ ಏನು ಕಲಿತ ಹಾಗಾಯಿತು? ನನ್ನ ಸ್ನೇಹಿತೆಗೆ ಒಂದು ಕಡೆ ಹೀಗೇ ಆಯಿತು. ಹೆಸರು ಬೇಡ. ಅವಳು ಇಂಗ್ಲಿಷಿಗೆ ತಂದ ಹೇಳಿಕೆಗಳ ಮೇಲೆಯೇ ವರದಿ ನಿಂತಿತ್ತು, ಕೃತಜ್ಞತೆ ಪುಟದಲ್ಲಿ ಅವಳ ಹೆಸರು ಇರಲಿಲ್ಲ.

ಕಡತ ಸಂಖ್ಯೆ 7

ಸರಿಯಾದ ಮಾತು, ಒಪ್ಪುತ್ತೇನೆ. ಅದಕ್ಕೇ ಸೇರುವ ಮೊದಲೇ ಕೇಳಿ: ನನ್ನ ಕೆಲಸ ಏನು, ಯಾರು ಓದಿ ತಿದ್ದುತ್ತಾರೆ, ಹೆಸರು ಎಲ್ಲಿ ಬರುತ್ತೆ. ಕೇಳಿದರೆ ಕೋಪ ಮಾಡಿಕೊಳ್ಳುವ ಸಂಸ್ಥೆ ಮಾನವ ಹಕ್ಕಿನ ಬಗ್ಗೆ ಎಷ್ಟು ಮಾತಾಡಿದರೂ ಅಷ್ಟೇ. ಇಂಗ್ಲಿಷ್ ಬರವಣಿಗೆಯನ್ನು ನಾಲ್ಕು ವಾರದಲ್ಲಿ ತಿದ್ದಬಹುದು. ಕಡತ ಓದುವ ಕಣ್ಣನ್ನು ಅಷ್ಟರಲ್ಲಿ ಕೊಡೋಕಾಗಲ್ಲ.

ವಿದ್ಯಾರ್ಥಿಗಳ ಕೆಲಸ ಎಲ್ಲಿವರೆಗೆ ಹೋಗಬಹುದು ಅನ್ನುವುದಕ್ಕೆ ಒಂದು ನಿಜವಾದ ಉದಾಹರಣೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಿಂದ 2016ರಲ್ಲಿ ಮರಣದಂಡನೆ ಬಗ್ಗೆ ದೊಡ್ಡ ವರದಿ ಬಂತು. ಆಗ ದೇಶದಲ್ಲಿ ಗಲ್ಲು ಶಿಕ್ಷೆಗೆ ಒಳಗಾಗಿದ್ದ 385 ಜನರಲ್ಲಿ 373 ಜನರ ವಿವರ ಅದರಲ್ಲಿದೆ. ಜೈಲಿಗೆ, ಕೈದಿಗಳ ಮನೆಗಳಿಗೆ ಹೋಗಿ ಮಾತಾಡಿಸಿದವರಲ್ಲಿ ಬಹುಪಾಲು ಕಾನೂನು ವಿದ್ಯಾರ್ಥಿಗಳು. ನಾಲ್ವರಲ್ಲಿ ಸುಮಾರು ಮೂವರು ಆರ್ಥಿಕವಾಗಿ ದುರ್ಬಲರು ಅನ್ನುವುದು ಅವರು ಕಂಡುಕೊಂಡ ಸಂಗತಿ. ಅದಕ್ಕೂ ಮೊದಲು ಇಷ್ಟು ಜನ ಯಾರು, ಎಲ್ಲಿಯವರು ಅನ್ನುವ ಪಟ್ಟಿಯೇ ಒಂದು ಕಡೆ ಸರಿಯಾಗಿ ಇರಲಿಲ್ಲ.

ತುಂಗಾ ತೀರ

ನಾನು ಶಿವಮೊಗ್ಗದವಳು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಎರಡು ವಾರದ ಆನ್‌ಲೈನ್ ಇಂಟರ್ನ್‌ಶಿಪ್ ಮಾಡಿದೆ. ಅವರ ವೆಬ್‌ಸೈಟ್‌ನಲ್ಲೇ ಅರ್ಜಿ. ಉಪನ್ಯಾಸಗಳು ಇರ್ತವೆ, ಗುಂಪು ಮಾಡಿ ಸಂಶೋಧನಾ ವಿಷಯ ಕೊಡ್ತಾರೆ, ಪುಸ್ತಕ ವಿಮರ್ಶೆ ಮತ್ತು ಭಾಷಣ ಸ್ಪರ್ಧೆ ಇರುತ್ತೆ. ಬೇಸಿಗೆ ಮತ್ತು ಚಳಿಗಾಲದ ಇಂಟರ್ನ್‌ಶಿಪ್ ಬೇರೆ, ಅವು ದೊಡ್ಡವು. ಕಾನೂನಿನವರು ಮಾತ್ರವಲ್ಲ, ಸಮಾಜಕಾರ್ಯ, ರಾಜ್ಯಶಾಸ್ತ್ರ ಓದುವವರೂ ಇರ್ತಾರೆ.

ನನ್ನ ಅಭಿಪ್ರಾಯ: ವಿಷಯದ ಪರಿಚಯಕ್ಕೆ ಚೆನ್ನಾಗಿದೆ. ಆದರೆ ಅದು ತರಗತಿಯ ಹಾಗೆ, ಕಡತ ಕೈಗೆ ಬರಲ್ಲ. ನೆಟ್‌ವರ್ಕ್ ಇರುವ ಕಡೆ ಕೂತು ಮಾಡಿ ಅಷ್ಟೇ. ಗುಂಪಿನಲ್ಲಿ ಬೇರೆ ರಾಜ್ಯದವರ ಜೊತೆ ಕೆಲಸ ಮಾಡಿದ್ದು ನನಗೆ ಇಷ್ಟವಾಯಿತು.

ಉಪ್ಪು ಖಾರ

ಆಯೋಗ, ವರದಿ, ಶಿಫಾರಸು... ಇದೆಲ್ಲ ಸುಮ್ನೆ ಸರ್ಟಿಫಿಕೇಟ್ ವ್ಯಾಪಾರ ಅಲ್ವಾ? ಆಯೋಗಕ್ಕೆ ಶಿಫಾರಸು ಮಾಡುವ ಅಧಿಕಾರ ಬಿಟ್ಟರೆ ಬೇರೇನಿದೆ? ಮಾನವ ಹಕ್ಕು ಆಯೋಗಗಳ ಅಂತರರಾಷ್ಟ್ರೀಯ ಒಕ್ಕೂಟ ನಮ್ಮ ರಾಷ್ಟ್ರೀಯ ಆಯೋಗದ ಮಾನ್ಯತೆಯನ್ನು 2023, 2024 ಎರಡೂ ವರ್ಷ ಮುಂದೂಡಿತ್ತು. ಅಲ್ಲಿ ಹೋಗಿ ಮಕ್ಕಳು ಏನು ಕಲಿಯಬೇಕು?

ಕರಿಕೋಟು

ಅದನ್ನೇ ಕಲಿಯಬೇಕು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 12ನೇ ಕಲಂ ಆಯೋಗಕ್ಕೆ ಏನೇನು ಕೆಲಸ ಕೊಟ್ಟಿದೆ, 18ನೇ ಕಲಂ ಎಲ್ಲಿಗೆ ನಿಲ್ಲಿಸಿದೆ, 36ನೇ ಕಲಂ ಪ್ರಕಾರ ಘಟನೆಯಾಗಿ ಒಂದು ವರ್ಷ ದಾಟಿದರೆ ಯಾಕೆ ವಿಚಾರಣೆ ಇಲ್ಲ. ಇವನ್ನು ಪುಸ್ತಕದಲ್ಲಿ ಓದುವುದು ಬೇರೆ, ತಿರಸ್ಕೃತವಾದ ದೂರು ಕೈಯಲ್ಲಿ ಹಿಡಿದು ನೋಡುವುದು ಬೇರೆ. ಅಂದ ಹಾಗೆ "ಬರೀ ಶಿಫಾರಸು" ಅನ್ನುವುದು ತೀರ್ಮಾನವಾದ ವಿಷಯವಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ, ರಾಜ್ಯ ಆಯೋಗದ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುತ್ತದೆ ಅಂತ ಹೇಳಿದೆ. ಬೇರೆ ಹೈಕೋರ್ಟುಗಳು ಏನು ಹೇಳಿವೆ ಅಂತ ಹುಡುಕಿದರೆ ಅದೇ ಒಂದು ಒಳ್ಳೆಯ ಪ್ರಬಂಧ.

ರಾಷ್ಟ್ರೀಯ ಆಯೋಗದ ಅಧ್ಯಕ್ಷರ ಪಟ್ಟಿಯಲ್ಲಿ ನಮ್ಮವರೇ ಮೂವರಿದ್ದಾರೆ: ಎಂ.ಎನ್. ವೆಂಕಟಾಚಲಯ್ಯ, ಎಸ್. ರಾಜೇಂದ್ರ ಬಾಬು, ಎಚ್.ಎಲ್. ದತ್ತು. ಆದರೂ ನಮ್ಮ ಕಾಲೇಜುಗಳಲ್ಲಿ ಆಯೋಗ ಅಂದರೆ ಡಿಸೆಂಬರ್ 10ರ ಮಾನವ ಹಕ್ಕು ದಿನದ ಭಾಷಣ ಸ್ಪರ್ಧೆ ಮಾತ್ರ. ರಾಜ್ಯ ಆಯೋಗ ಬೆಂಗಳೂರಿನಲ್ಲಿ ವಿಧಾನಸೌಧದ ಹತ್ತಿರ ಬಹುಮಹಡಿ ಕಟ್ಟಡದಲ್ಲಿದೆ. ಬೇರೆ ಕೆಲಸಕ್ಕೆ ಹೋದಾಗಲಾದರೂ ಒಳಗೆ ಹೋಗಿ ನೋಡಿ ಬನ್ನಿ.

ಸಾಲದ ಸೈಕಲ್

ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಬೆಂಗಳೂರಲ್ಲಿ ಒಂದು ತಿಂಗಳು ಪಿಜಿ, ಊಟ, ಬಸ್ಸು ಅಂದರೆ ನಮ್ಮಪ್ಪನ ಒಂದು ತಿಂಗಳ ದುಡಿಮೆ ಹೋಗುತ್ತೆ. "ಸ್ಟೈಪೆಂಡ್ ಇಲ್ಲ, ಅನುಭವ ಸಿಗುತ್ತೆ" ಅನ್ನುವ ಸಾಲು ಓದಿದರೆ ಮೈ ಉರಿಯುತ್ತೆ. ಕಾರ್ಮಿಕರ ಕನಿಷ್ಠ ಕೂಲಿ ಬಗ್ಗೆ ವರದಿ ಬರೆಯುವವರೇ ಇಂಟರ್ನ್‌ಗಳನ್ನು ಬಿಟ್ಟಿ ದುಡಿಸಿದರೆ ಹೇಗೆ?

ಕಡತ ಸಂಖ್ಯೆ 7

ನಿಮ್ಮ ಸಿಟ್ಟಿಗೆ ಅರ್ಥ ಇದೆ. ಬಹಳಷ್ಟು ಕಡೆ ಸ್ಟೈಪೆಂಡ್ ಇಲ್ಲ, ಕೆಲವು ಕಡೆ ಓಡಾಟದ ಖರ್ಚು ಕೊಡುತ್ತಾರೆ. ಕಾರಣವನ್ನೂ ತಿಳಿದಿರಿ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಆಡಳಿತ ಖರ್ಚಿಗೆ ಬಳಸಬಹುದಾದ ಪಾಲು ಶೇ 50ರಿಂದ ಶೇ 20ಕ್ಕೆ ಇಳಿಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ಕೊಡುವುದೂ ನಿಂತಿತು. ದೊಡ್ಡ ಸಂಸ್ಥೆಗಳಿಂದ ಹಣ ಪಡೆದು ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕವರಿಗೆ ದೊಡ್ಡ ಪೆಟ್ಟು ಬಿದ್ದಿದ್ದು ಅಲ್ಲೇ. ಬೆಂಗಳೂರಿನಲ್ಲಿದ್ದ ಅಮ್ನೆಸ್ಟಿ ಇಂಡಿಯಾ ಖಾತೆಗಳು ಸ್ಥಗಿತವಾದ ಮೇಲೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೆಲಸ ನಿಲ್ಲಿಸಿತು. ಜೈಲು, ಪೊಲೀಸ್ ಸುಧಾರಣೆ ಬಗ್ಗೆ ಕೆಲಸ ಮಾಡುವ ದೆಹಲಿಯ ಸಿಎಚ್‌ಆರ್‌ಐ ಸಂಸ್ಥೆಯ ವಿದೇಶಿ ದೇಣಿಗೆ ನೋಂದಣಿ 2022ರಲ್ಲಿ ರದ್ದಾಯಿತು. ಸರ್ಕಾರ ಹೇಳುವುದು ನಿಯಮ ಉಲ್ಲಂಘನೆ ಅಂತ, ಸಂಸ್ಥೆಗಳು ಹೇಳುವುದು ಬಾಯಿ ಮುಚ್ಚಿಸುವ ಕ್ರಮ ಅಂತ. ಯಾವುದು ಸರಿ ಅನ್ನುವ ಜಗಳ ಇಲ್ಲಿ ಬೇಡ. ಇಂಟರ್ನ್‌ಗೆ ಇಡುವ ದುಡ್ಡು ಮೊದಲು ಕತ್ತರಿಸಿ ಹೋಯಿತು ಅನ್ನುವುದಂತೂ ನಿಜ.

ಇದು ಕಾರಣ ಅಷ್ಟೇ, ಸಮರ್ಥನೆ ಅಲ್ಲ. ಕೊಡೋಕಾಗದಿದ್ದರೆ ಮನೆಯಿಂದಲೇ ಕೆಲಸ ಮಾಡೋಕೆ ಬಿಡಬೇಕು. ಕಡತ ಸ್ಕ್ಯಾನ್ ಮಾಡಿ ಕಳಿಸಿದರೆ ಕಲಬುರಗಿಯಲ್ಲಿ ಕೂತೇ ಓದಬಹುದು. ಹಾಗೆ ನೇರವಾಗಿ ಕೇಳಿ, ನಾಚಿಕೆ ಬೇಡ.

ಕರಿಕೋಟು

ಊರು ಬಿಡೋಕಾಗದವರಿಗೆ ಇನ್ನೊಂದು ದಾರಿ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅದು ಮಾನವ ಹಕ್ಕು ಸಂಸ್ಥೆ ಅಂತ ಯಾರೂ ಅಂದುಕೊಳ್ಳಲ್ಲ. ಆದರೆ ಯೋಚನೆ ಮಾಡಿ: ದೇಶದ ಜೈಲುಗಳಲ್ಲಿ 2022ರ ಕೊನೆಗೆ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು, ಇನ್ನೂ ಅಪರಾಧಿ ಅಂತ ಸಾಬೀತಾಗದವರು. ಸಿಆರ್‌ಪಿಸಿ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಮೊದಲ ಸಲ ಆರೋಪ ಹೊತ್ತವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಪ್ರಕರಣಗಳು ಹೊರತು. ಒಂದಕ್ಕಿಂತ ಹೆಚ್ಚು ಪ್ರಕರಣ ಇದ್ದರೂ ತೊಡಕಿದೆ. ಅರ್ಹರನ್ನು ಗುರುತಿಸೋಕೆ ಪ್ರತಿ ಜಿಲ್ಲೆಯಲ್ಲಿ ಸಮಿತಿ ಇದೆ, ಪ್ರಾಧಿಕಾರದ ಕಾರ್ಯದರ್ಶಿ ಅದರಲ್ಲಿ ಇರುತ್ತಾರೆ. ದಿನಾಂಕ ಕೂಡಿಸಿ ಕಳೆದು ಪಟ್ಟಿ ಮಾಡಲು ತಾಳ್ಮೆ ಇರುವ ವಿದ್ಯಾರ್ಥಿ ಅವರಿಗೆ ಬೇಕು. ಜೈಲಿಗೆ ನೀವಾಗಿಯೇ ಹೋಗಿ ಸಂಶೋಧನೆ ಅಂದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ಪ್ರಾಧಿಕಾರದ ಜೊತೆ ಹೋದರೆ ದಾರಿ ಇದೆ.

ಹಳ್ಳಿ ಫೈಲು

ನಾನು ವಕೀಲಳಲ್ಲ, ಕೊಪ್ಪಳ-ರಾಯಚೂರು ಭಾಗದಲ್ಲಿ ಸಂಘಟನೆ ಕೆಲಸ ಮಾಡುವವಳು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕೇರಿಗಳಿಗೆ ಹೋಗುವುದು ನಾವೇ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ.

ದೌರ್ಜನ್ಯ ಆದ ಊರಿಗೆ ಮೊದಲು ಪೊಲೀಸರು ಬರ್ತಾರೆ, ಆಮೇಲೆ ಪತ್ರಕರ್ತರು, ಆಮೇಲೆ ಸತ್ಯಶೋಧನಾ ತಂಡ, ಆಮೇಲೆ ನೀವು. ಅದೇ ತಾಯಿ ಅದೇ ಕಥೆಯನ್ನು ನಾಲ್ಕನೇ ಸಲ ಹೇಳಬೇಕು. ಹೋದ ವರ್ಷ ಬಂದವರು ಬರೆದುಕೊಂಡು ಹೋದದ್ದು ಏನಾಯಿತು ಅಂತ ನನ್ನನ್ನು ಕೇಳ್ತಾರೆ. ನನ್ನ ಹತ್ತಿರ ಉತ್ತರ ಇರಲ್ಲ. ಏಕೆಂದರೆ ವರದಿ ಇಂಗ್ಲಿಷ್‌ನಲ್ಲಿ ಬಂದು ಎಲ್ಲೋ ಬಿಡುಗಡೆಯಾಗಿರುತ್ತೆ, ಆ ಊರಿಗೆ ಒಂದು ಪ್ರತಿಯೂ ಬಂದಿರಲ್ಲ.

ಹೋಗುವ ಮೊದಲು ಎಫ್‌ಐಆರ್, ಹಳೆಯ ವರದಿ ಎಲ್ಲ ಓದಿಕೊಂಡು ಬನ್ನಿ. ಕಾಗದದಲ್ಲಿ ಇರುವುದನ್ನೇ ಮತ್ತೆ ಬಾಯಿಂದ ಹೇಳಿಸಬೇಡಿ. "ಪರಿಹಾರ ಕೊಡಿಸ್ತೀವಿ" ಅಂತ ಬಾಯಿತಪ್ಪಿಯೂ ಹೇಳಬೇಡಿ. ಬೇಡ ಅಂದರೆ ಎದ್ದು ಬನ್ನಿ, ಊಟ ಹಾಕಿದರೆ ಉಂಡು ಬನ್ನಿ. ಫೋಟೊ ಬೇಡವೇ ಬೇಡ. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಹೆಸರಷ್ಟೇ ಅಲ್ಲ, ಊರು, ಶಾಲೆ, ಸಂಬಂಧಿಕರ ಹೆಸರು ಬರೆದರೂ ಗುರುತು ಸಿಗುತ್ತೆ. ನಮ್ಮಲ್ಲಿ ಊರುಗಳು ಚಿಕ್ಕವು.

ಮುಗಿದ ಮೇಲೆ ಕನ್ನಡದಲ್ಲಿ ಎರಡು ಪುಟ ಬರೆದು ಆ ಊರಿಗೆ ಕಳಿಸಿ. ಇದನ್ನು ಕನ್ನಡ ಬರುವ ಹುಡುಗರು ಮಾಡದಿದ್ದರೆ ಇನ್ಯಾರೂ ಮಾಡಲ್ಲ.

ಬಿಸಿಲೂರ ಹುಡುಗ

ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್. ಅರ್ಜಿ ಪತ್ರ ಬರೆದಿದ್ದೇನೆ, ಶುರು ಹೀಗಿದೆ: "ನಾನು ಚಿಕ್ಕಂದಿನಿಂದಲೂ ಸಾಮಾಜಿಕ ನ್ಯಾಯದ ಬಗ್ಗೆ ಅಪಾರ ಆಸಕ್ತಿ ಹೊಂದಿದ್ದು, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸಲು ಉತ್ಸುಕನಾಗಿದ್ದೇನೆ." ಇದನ್ನೇ ಇಂಗ್ಲಿಷಿಗೆ ತರಬೇಕು. ಸರಿ ಇದೆಯಾ?

ಇನ್ನೊಂದು, ಮನೆಯಲ್ಲಿ ಭಯ. ಮುಂದೆ ಸಿವಿಲ್ ಜಡ್ಜ್ ಪರೀಕ್ಷೆ ಬರೀಬೇಕು ಅಂತಿದೆ. ಇಂಥ ಸಂಸ್ಥೆಯ ಹೆಸರಿದ್ದರೆ ಪೊಲೀಸ್ ವೆರಿಫಿಕೇಷನ್‌ನಲ್ಲಿ ತೊಂದರೆ ಅಂತಾರೆ.

ಕರಿಕೋಟು

ವೆರಿಫಿಕೇಷನ್‌ನಲ್ಲಿ ಮುಖ್ಯವಾಗಿ ನೋಡುವುದು ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯಾ ಅಂತ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಮಾಡಿದ ಇಂಟರ್ನ್‌ಶಿಪ್ ಪ್ರಕರಣ ಅಲ್ಲ. ಮನೆಯವರಿಗೆ ಇನ್ನೂ ಸಮಾಧಾನ ಆಗದಿದ್ದರೆ ಮೊದಲ ಸಲ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಾಡಿ. ಅದರ ಲೆಟರ್‌ಹೆಡ್ ನೋಡಿದರೆ ಅಪ್ಪಂದಿರ ಮುಖ ಅರಳುತ್ತೆ.

ಕಡತ ಸಂಖ್ಯೆ 7

ಪತ್ರ ಸರಿ ಇಲ್ಲ, ಕ್ಷಮಿಸಿ. ಈ ಸಾಲು ನನಗೆ ಬರುವ ಎಲ್ಲ ಪತ್ರಗಳಲ್ಲೂ ಇರುತ್ತೆ. ಸಂಸ್ಥೆ ಹೆಸರು ಬದಲಾಯಿಸೋಕೆ ಮರೆತು ಬೇರೆಯವರ ಹೆಸರಲ್ಲೇ ಕಳಿಸಿದವರೂ ಇದ್ದಾರೆ. ನಿಮ್ಮ ಮೊದಲ ಪೋಸ್ಟ್ ಇದಕ್ಕಿಂತ ಚೆನ್ನಾಗಿತ್ತು. ಕನ್ನಡದ ಎಫ್‌ಐಆರ್, ಚಾರ್ಜ್‌ಶೀಟ್ ಓದಿ ಇಂಗ್ಲಿಷ್‌ನಲ್ಲಿ ಸಾರಾಂಶ ಮಾಡಬಲ್ಲೆ, ಕಲಬುರಗಿ ಜಿಲ್ಲಾ ನ್ಯಾಯಾಲಯದ ಕೆಲಸ ಗೊತ್ತು, ಈ ತಿಂಗಳಿಂದ ಈ ತಿಂಗಳವರೆಗೆ ಬಿಡುವಿದೆ. ಇಷ್ಟು ಬರೆಯಿರಿ. ಬೇಕಾದ ಸಮಯಕ್ಕೆ ಎರಡು ಮೂರು ತಿಂಗಳು ಮೊದಲೇ ಕಳಿಸಿ. ಬೆಂಗಳೂರಿನಲ್ಲಿ ಆಲ್ಟರ್ನೇಟಿವ್ ಲಾ ಫೋರಂ, ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್, ಹ್ಯೂಮನ್ ರೈಟ್ಸ್ ಲಾ ನೆಟ್‌ವರ್ಕ್ ಇವೆ. ನ್ಯಾಷನಲ್ ಲಾ ಸ್ಕೂಲ್‌ನ ಸೆಂಟರ್ ಫಾರ್ ಚೈಲ್ಡ್ ಅಂಡ್ ದಿ ಲಾ ಕರ್ನಾಟಕದ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ನ್ಯಾಯಾಲಯಗಳ ತೀರ್ಪುಗಳನ್ನೇ ಅಧ್ಯಯನ ಮಾಡಿ ವರದಿ ತಂದಿತ್ತು. ಯಾರಿಗೆ ಬರೆಯುತ್ತೀರೋ ಅವರ ಒಂದು ವರದಿಯನ್ನಾದರೂ ಓದಿ, ಅದರಲ್ಲಿ ಏನು ಬಿಟ್ಟುಹೋಗಿದೆ ಅನ್ನಿಸಿತು ಅಂತ ಎರಡು ಸಾಲು ಸೇರಿಸಿ.

ಬರವಣಿಗೆಯ ಮಾದರಿ ಕೇಳ್ತಾರೆ. ಕಾಲೇಜಿನ ಅಸೈನ್‌ಮೆಂಟ್ ಕಳಿಸಬೇಡಿ. ನಿಮ್ಮ ಜಿಲ್ಲೆಯದ್ದೇ ಒಂದು ಸಣ್ಣ ಅಧ್ಯಯನ ಮಾಡಿ, ಖರ್ಚಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಾಯ್ದೆಯ ಹೆಸರಿನಿಂದ ಹುಡುಕಬಹುದು. ಪರಿಶಿಷ್ಟ ಜಾತಿ, ಪಂಗಡ ದೌರ್ಜನ್ಯ ತಡೆ ಕಾಯ್ದೆ ಆರಿಸಿ, ಮುಗಿದ ಪ್ರಕರಣಗಳನ್ನು ತೆರೆಯಿರಿ. ಒಂದು ವರ್ಷದ್ದು ಸಾಕು. ಎಕ್ಸೆಲ್‌ನಲ್ಲಿ ಎಫ್‌ಐಆರ್ ದಿನಾಂಕ, ಚಾರ್ಜ್‌ಶೀಟ್ ದಿನಾಂಕ, ತೀರ್ಪಿನ ದಿನಾಂಕ, ಎಷ್ಟು ಸಾಕ್ಷಿಗಳು ಪ್ರತಿಕೂಲ (ಮೊದಲಿನ ಹೇಳಿಕೆಯಿಂದ ಹಿಂದೆ ಸರಿದವರು), ತನಿಖೆ ಮಾಡಿದ ಅಧಿಕಾರಿಯ ದರ್ಜೆ, ಫಲಿತಾಂಶ. ಈ ಕಾಯ್ದೆಯಡಿಯ ನಿಯಮ 7ರ ಪ್ರಕಾರ ತನಿಖಾಧಿಕಾರಿ ಡಿವೈಎಸ್‌ಪಿಗಿಂತ ಕೆಳಗಿನವರಾಗಿರಬಾರದು, 60 ದಿನದಲ್ಲಿ ಚಾರ್ಜ್‌ಶೀಟ್ ಆಗಬೇಕು. ಆಗಿದೆಯಾ? ಮರಕುಂಬಿ ಪ್ರಕರಣ ಗೊತ್ತಲ್ಲ, ಗಂಗಾವತಿ ತಾಲ್ಲೂಕಿನದು. 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಹಚ್ಚಿದ ಘಟನೆ, 98 ಜನರಿಗೆ ಜೀವಾವಧಿ ಶಿಕ್ಷೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಅದು ಪತ್ರಿಕೆಯಲ್ಲಿ ಬಂತು. ಬಾರದ ನೂರಾರು ಪ್ರಕರಣ ನಿಮ್ಮ ಜಿಲ್ಲೆಯ ಪಟ್ಟಿಯಲ್ಲಿ ಇರುತ್ತವೆ.

ಜೊತೆಗೆ ಒಂದು ಆರ್‌ಟಿಐ ಹಾಕಿ. ಇದೇ ಕಾಯ್ದೆಯ ಜಾರಿ ನೋಡಿಕೊಳ್ಳುವ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು, ಅದರ ನಡಾವಳಿ ಪ್ರತಿ ಕೇಳಿ. ಹತ್ತು ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನ ಅವಕಾಶ. ನಾಲ್ಕು ವಾರದ ಇಂಟರ್ನ್ ಹಾಕಿದ ಅರ್ಜಿಗೆ ಉತ್ತರ ಬರುವಾಗ ಅವನು ಹೋಗಿರ್ತಾನೆ. ನಮ್ಮ ಆಫೀಸಿನಲ್ಲಿ ಹಿಂದಿನವರು ಹಾಕಿದ್ದನ್ನು ಮುಂದಿನವರು ಓದುವುದೇ ವಾಡಿಕೆ. ಆದ್ದರಿಂದ ಈಗಲೇ ಹಾಕಿಬಿಡಿ.

ಬಿಸಿಲೂರ ಹುಡುಗ

ಕೆಲವು ತೀರ್ಪು ಓದಿದೆ. ಒಂದು ಅನುಮಾನ. ದೂರುದಾರರೇ ಪ್ರತಿಕೂಲ ಆಗಿದ್ದಾರೆ, ಆರೋಪಿ ಖುಲಾಸೆ. ಯಾಕೆ ತಿರುಗಿದರು ಅಂತ ತೀರ್ಪಿನಲ್ಲಿ ಒಂದು ಸಾಲೂ ಇಲ್ಲ. ಊರಲ್ಲಿ ರಾಜಿ ಆಗಿರಬಹುದು, ಹೆದರಿಸಿರಬಹುದು. ಹಾಗಂತ ಬರೆಯಬಹುದಾ?

ಕಡತ ಸಂಖ್ಯೆ 7

ಬರೆಯಬೇಡಿ. ತೀರ್ಪಿನಲ್ಲಿ ಇರುವುದು ಮಾತ್ರ ಕಾಲಂಗೆ ಹೋಗಲಿ. ಕಾರಣ ಇಲ್ಲ ಅನ್ನುವುದನ್ನೇ ಒಂದು ಕಾಲಂ ಮಾಡಿ, ಎಷ್ಟು ತೀರ್ಪುಗಳಲ್ಲಿ ಹೀಗಿದೆ ಅಂತ ಎಣಿಸಿ. ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಪ್ರಕಾರ ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡಬೇಕು. ಅದನ್ನು ಕೋರ್ಟ್ ಪ್ರಸ್ತಾಪ ಮಾಡಿದೆಯಾ ಅಂತಲೂ ನೋಡಿ. ರಾಜಿ, ಬೆದರಿಕೆ ಅನ್ನುವುದು ಸಂದರ್ಶನದಲ್ಲಿ ಯಾರಾದರೂ ಹೇಳಿದರೆ ಆಗ ಬರೆಯೋಣ, ಅವರು ಒಪ್ಪಿದರೆ ಮಾತ್ರ.

ಹಳ್ಳಿ ಫೈಲು

ಮತ್ತೆ ಆ ದೂರುದಾರರ ಮನೆ ಹುಡುಕಿಕೊಂಡು ಒಬ್ಬನೇ ಹೋಗಬೇಡಪ್ಪ. ಅವರು ಅದೇ ಊರಲ್ಲಿ ಬದುಕಬೇಕು. ಹೋಗಲೇಬೇಕು ಅಂದರೆ ಅಲ್ಲಿನ ಸಂಘಟನೆಯವರನ್ನು ಮೊದಲು ಕೇಳು.

ಸಾಲದ ಸೈಕಲ್

ನಾನು ರಾಯಚೂರಿನವನು. ಇದೇ ಪಟ್ಟಿ ನಮ್ಮ ಜಿಲ್ಲೆಗೆ ಮಾಡಲಾ? ಮನೆಯಲ್ಲೇ ಕೂತು ಮಾಡಬಹುದು, ಖರ್ಚಿಲ್ಲ ಅಂದಿರಲ್ಲ.

ಬಿಸಿಲೂರ ಹುಡುಗ

ಮಾಡಿ ಅಣ್ಣಾ. ಕಾಲಂಗಳು ಇಬ್ಬರದ್ದೂ ಒಂದೇ ಥರ ಇರಲಿ, ಆಮೇಲೆ ಜೋಡಿಸಬಹುದು. ನನ್ನ ಶೀಟ್ ಕಳಿಸ್ತೀನಿ. ವರ್ಷ 2023 ಇಟ್ಟುಕೊಂಡಿದ್ದೇನೆ.